ಏನು ಹಾಕಿದರೂ ಉರಿಯುವ ಒಲೆ

ಮೊದಲೇ ಹೇಳಿಬಿಡುತ್ತೇನೆ: ನಾನು ಬೆಟ್ಟ ಹತ್ತಿದವನಲ್ಲ. ನಮ್ಮ ಬಾಂಡುಂಗ್‌ನಲ್ಲಿ ಯಾವ ದಿಕ್ಕಿಗೆ ಕುತ್ತಿಗೆ ತಿರುಗಿಸಿದರೂ ಒಂದು ಬೆಟ್ಟ ಕಾಣುತ್ತದೆ. ಕಂಡರೆ ಸಾಕು, ಹತ್ತಬೇಕೆಂದೇನಿಲ್ಲ ಎಂದುಕೊಂಡು ನಲವತ್ತೊಂಬತ್ತು ವರ್ಷ ಕಳೆದವನು. ಆದರೂ ವಾರ್ಡ್ ಕಚೇರಿಯಲ್ಲಿ ನನ್ನ ಮೇಜಿನ ಗಾಜಿನ ಕೆಳಗೆ ಒಂದು ಹಳೆಯ ಫೋಟೋ ಇತ್ತು. ಅದರಲ್ಲಿ ನಾನು ಬೆನ್ನಿಗೆ ದೊಡ್ಡ ಚೀಲ ಹೊತ್ತು, ಸೊಂಟದ ಮೇಲೆ ಕೈಯಿಟ್ಟು, ಹಿಂದಿರುವ ಬೆಟ್ಟ ನನ್ನ ಸ್ವಯಾರ್ಜಿತ ಆಸ್ತಿ ಎನ್ನುವಂತೆ ನಿಂತಿದ್ದೇನೆ. ಅದನ್ನು ತೆಗೆದದ್ದು ಗಾರುತ್‌ನಲ್ಲಿ, ಚಿಕ್ಕಪ್ಪನ ಮಗನ ಮದುವೆಯಲ್ಲಿ. ಚೀಲ ಮದುಮಗನ ತಮ್ಮನದು. ಅದರೊಳಗೆ ಬಾಡಿಗೆ ಪಾತ್ರೆಗಳ ಮುಚ್ಚಳಗಳಿದ್ದವು.

ಹೊಸದಾಗಿ ವರ್ಗವಾಗಿ ಬಂದ ನಮ್ಮ ಮುಖ್ಯಸ್ಥೆ ಬು ರೆಸ್ಮಿ ಮೊದಲ ದಿನವೇ ಆ ಫೋಟೋದ ಮೇಲೆ ಬಗ್ಗಿದರು. ಆಕೆಗೆ ಮೂವತ್ತಾರು ವಯಸ್ಸು; ಸಭೆಗೂ ಬೆಟ್ಟ ಹತ್ತುವ ಬೂಟು ಹಾಕಿಕೊಂಡೇ ಬರುತ್ತಿದ್ದರು. "ಪಾಕ್ ಕೊಸಾಸಿ, ನೀವೂ ನಮ್ಮ ಪೈಕಿಯೋರೇನಾ?" ಎಂದು ಕೇಳಿದರು. ನಮ್ಮಲ್ಲಿ ಹೆಂಗಸರನ್ನು ಬು, ಗಂಡಸರನ್ನು ಪಾಕ್ ಎಂದು ಮರ್ಯಾದೆಯಿಂದ ಕರೆಯುತ್ತೇವೆ; ಮೇಲಧಿಕಾರಿಯ ಮುಖಕ್ಕೆ ನೇರವಾಗಿ 'ಇಲ್ಲ' ಎನ್ನುವ ಪದ್ಧತಿಯಿಲ್ಲ. 'ಇಲ್ಲ' ಎನ್ನಬೇಕಾದಲ್ಲಿ ನಗುತ್ತೇವೆ, ತಲೆ ಕೆರೆಯುತ್ತೇವೆ, ಮಳೆಯ ಬಗ್ಗೆ ಮಾತಾಡುತ್ತೇವೆ. ನಾನೂ ನಕ್ಕು, "ಅದೆಲ್ಲ ಹಿಂದಿನ ಮಾತು, ಬು" ಎಂದೆ. ಸುಳ್ಳೇನಲ್ಲ, ಮದುವೆ ಆಗಿದ್ದು ಹಿಂದೆಯೇ.

ಇಷ್ಟರಿಂದ ಏನು ಅನಾಹುತವಾಯಿತು ಎಂದು ಹೇಳುವ ಮೊದಲು ಕಚೇರಿಯಲ್ಲಿ ನನ್ನ ಸ್ಥಾನ ಏನಿತ್ತು ಎನ್ನುವುದನ್ನು ಹೇಳಬೇಕು. ನಾನು ಗ್ಯಾಸ್ ಪಟ್ಟಿಯ ಗುಮಾಸ್ತ. ಸರ್ಕಾರ ಬಡವರಿಗೆಂದು ಅಗ್ಗದಲ್ಲಿ ಕೊಡುವ ಮೂರು ಕಿಲೋ ಗ್ಯಾಸಿನ ಹಸಿರು ಸಿಲಿಂಡರ್ ಒಂದಿದೆ. ಗುಂಡಗಿರುವುದರಿಂದ ಎಲ್ಲರೂ ಅದನ್ನು ಕರಬೂಜ ಎನ್ನುತ್ತಾರೆ. ಅದರ ಹೊಟ್ಟೆಯ ಮೇಲೆ 'ಬಡವರಿಗೆ ಮಾತ್ರ' ಎಂದು ಬೆರಳುದ್ದದ ಅಕ್ಷರಗಳಲ್ಲಿ ಬರೆದಿರುತ್ತದೆ. ನಮ್ಮಂಥ ಸಂಬಳದವರು ಕೊಳ್ಳಬೇಕಾದದ್ದು ಗುಲಾಬಿ ಬಣ್ಣದ ದೊಡ್ಡ ಸಿಲಿಂಡರ್. ನಮ್ಮ ವಾರ್ಡಿನಲ್ಲಿ ಯಾರ ಮನೆಗೆ ಕರಬೂಜ ಹೋಗಬೇಕು, ಯಾರಿಗೆ ಕೂಡದು ಎಂದು ಬರೆಯುವ ಕೈ ನನ್ನದು. ಪಟ್ಟಿಯಲ್ಲಿರುವ ಮನೆಗಳ ಬಾಗಿಲಿಗೆ ಸ್ಟಿಕರ್ ಅಂಟಿಸುವ ಯೋಜನೆಯೂ ನನ್ನದೇ. ಮೇಲೆ 'ಇದು ಬಡ ಕುಟುಂಬ' ಎಂದು ಕಪ್ಪಕ್ಷರ, ಕೆಳಗೆ 'ಸುಳ್ಳು ಹೇಳಿ ಪಡೆದವರನ್ನು ದೇವರು ನೋಡುತ್ತಿದ್ದಾನೆ' ಎಂದು ಕೆಂಪಕ್ಷರ. ಕಿತ್ತರೂ ಬರಬಾರದೆಂದು ಹಡಗಿನ ರಿಪೇರಿಗೆ ಬಳಸುವ ಅಂಟನ್ನೇ ತರಿಸಿದ್ದೆ.

ನಾನು ಬಹಳ ಕಟ್ಟುನಿಟ್ಟು ಎಂದು ಹೆಸರಾಗಿತ್ತು. ನಮ್ಮದೇ ಓಣಿಯಲ್ಲಿ ಸೋಯಾ ಹಾಲಿನ ಗಿಣ್ಣಿನಂಥ ತೌಹುವಿನ ಬಜ್ಜಿ, ಬಾಳೆಹಣ್ಣಿನ ಬಜ್ಜಿ ಕರಿದು ಮಾರುವ ರುಮ್ಸಾ ಎಂಬ ವಿಧವೆ ಇದ್ದಾಳೆ. ಓಣಿಗೆಲ್ಲ ಚಿಕ್ಕಮ್ಮನಾದ್ದರಿಂದ ನಾವು ಬಿ ರುಮ್ಸಾ ಎಂದೇ ಕರೆಯುವುದು. ಎಂಟು ತಿಂಗಳ ಹಿಂದೆ ತಪಾಸಣೆಗೆ ಹೋದಾಗ ಅವಳ ಅಡುಗೆಮನೆಯಲ್ಲಿ ಒಂದು ಫ್ರಿಜ್ ಕಂಡಿತು. ಅದು ಕೆಟ್ಟು ಆರು ವರ್ಷವಾಗಿದೆ, ಇಲಿ ಬಾರದಂತೆ ಹಿಟ್ಟು ಇಟ್ಟಿದ್ದೇನೆ ಎಂದು ಅವಳು ಬಾಗಿಲು ತೆಗೆದೇ ತೋರಿಸಿದಳು. ಫ್ರಿಜ್ ಇದೆಯೇ ಎಂದು ನಮೂನೆ ಕೇಳುತ್ತದೆ, ಓಡುತ್ತದೆಯೇ ಎಂದು ಕೇಳುವುದಿಲ್ಲ ಎಂದು ನಾನು ವಿವರಿಸಿ, ಅವಳ ಹೆಸರಿಗೆ ಗೆರೆ ಎಳೆದೆ. ಅಂದಿನಿಂದ ಅವಳು ಸೌದೆಯಲ್ಲಿ ಕರಿಯುತ್ತಿದ್ದಳು. ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು. ನನ್ನನ್ನು ಕಂಡರೆ ಮೊದಲಿನಂತೆಯೇ ನಗುತ್ತಿದ್ದಳು.

ಈಗ ನನ್ನ ಅಡುಗೆಮನೆಗೆ ಬನ್ನಿ. ಒಲೆಯ ಪಕ್ಕ, ಬಂದವರಿಗೆಲ್ಲ ಕಾಣುವಂತೆ, ಲೇಸಿನ ಬಟ್ಟೆ ಹೊದ್ದು ಗುಲಾಬಿ ಸಿಲಿಂಡರ್ ನಿಂತಿರುತ್ತಿತ್ತು. ಅದು ನಾಲ್ಕು ವರ್ಷದಿಂದ ಖಾಲಿ. ಅಕ್ಕಿ ಡಬ್ಬಿಯ ಹಿಂದೆ, ನನ್ನ ಹಳೆಯ ಸಾರೊಂಗ್ ಪಂಚೆ ಸುತ್ತಿಕೊಂಡು ಕೂತಿದ್ದದ್ದು ಕರಬೂಜ. ಒಲೆಗೆ ಹೋಗುವ ರಬ್ಬರ್ ಕೊಳವೆ ಹೊರಟಿದ್ದು ಅದರಿಂದಲೇ. ಅದರ ಬಾಯಿ ಸ್ವಲ್ಪ ಸಡಿಲವಾಗಿದ್ದುದರಿಂದ ನನ್ನ ಹೆಂಡತಿ ತಾತಿ ಅದರ ಮೇಲೆ ಸಂಬಾಲ್ ಚಟ್ನಿ ಅರೆಯುವ ಕಲ್ಲು ಹೇರಿದ್ದಳು. ಇದು ಹೊರಗೆ ಗೊತ್ತಾದರೆ ನನ್ನ ಪಟ್ಟಿ ಹೋಗುತ್ತದೆ, ಕುರ್ಚಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಓಣಿಯಲ್ಲಿ ತಲೆಯೆತ್ತಿ ನಡೆಯುವುದು ಹೋಗುತ್ತದೆ. ಹೀಗಿರುವಾಗ ಮನುಷ್ಯ ಗ್ಯಾಸಿನ ವಿಷಯವಾಗಿ ಬಾಯಿ ಮುಚ್ಚಿಕೊಂಡಿರಬೇಕು. ನಾನು ಮುಚ್ಚಿಕೊಳ್ಳಲಿಲ್ಲ.

ಬು ರೆಸ್ಮಿ ಕಚೇರಿಯವರು, ಓಣಿಗಳ ಮುಖ್ಯಸ್ಥರು ಎಲ್ಲ ಸೇರಿ ಇಪ್ಪತ್ತೆರಡು ಜನ ಪಾಪಾಂಡಾಯಾನ್ ಬೆಟ್ಟಕ್ಕೆ ಹೋಗಿ ಒಂದು ರಾತ್ರಿ ಡೇರೆಯಲ್ಲಿ ಕಳೆಯುವುದೆಂದು ಸಭೆಯಲ್ಲಿ ಘೋಷಿಸಿದರು. ಒಗ್ಗಟ್ಟು ಬೆಳೆಯಬೇಕಂತೆ. ಯಾರೋ ಡಬ್ಬಿ ಗ್ಯಾಸಿನ ಪುಟ್ಟ ಒಲೆ ತರುತ್ತೇನೆಂದರು. ಆಗ ಅವರು ಮುಖ ಗಂಟಿಕ್ಕಿ, ಆ ಡಬ್ಬಿಗಳನ್ನೆಲ್ಲ ಎಲ್ಲಿ ತುಂಬಿಸುತ್ತಾರೆಂದು ಎಲ್ಲರಿಗೂ ಗೊತ್ತು, ಕರಬೂಜದಿಂದಲೇ ಹಿಂಡಿ ತುಂಬಿಸುತ್ತಾರೆ, ಬಡವರ ಗ್ಯಾಸಿನಲ್ಲಿ ನಾವು ಬೆಟ್ಟದ ಮೇಲೆ ಕಾಫಿ ಕಾಯಿಸಬೇಕೇ ಎಂದು ಕೇಳಿದರು. ಅಷ್ಟರಲ್ಲಿ ನನ್ನ ಗಂಟಲು ತಾನಾಗಿಯೇ ತೆರೆದುಕೊಂಡಿತು. ನಿಜವಾದ ಬೆಟ್ಟದವರು ಗ್ಯಾಸನ್ನು ಮುಟ್ಟುವುದೇ ಇಲ್ಲ ಬು, ಅವರದು ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್, ಏನು ಹಾಕಿದರೂ ಉರಿಯುವ ಒಲೆ ಎಂದೆ. ಹಿಂದಿನ ವಾರ ಹಲ್ಲಿನ ಡಾಕ್ಟರ ಬಳಿ ಕಾಯುತ್ತ ಕೂತಾಗ ಒಂದು ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ್ದೆ. ಹಲ್ಲು ಕೀಳುವ ಸರದಿ ಬಂದದ್ದರಿಂದ ಪೂರ್ತಿ ಓದಲಾಗಿರಲಿಲ್ಲ.

ಬು ರೆಸ್ಮಿ ಎದ್ದು ನಿಂತು ಕೈಕುಲುಕಿದರು. ಒಲೆ ಕೊಂಡು ತರುವುದು, ಅಡುಗೆ ಮಾಡಿಸುವುದು, ಎರಡೂ ನನ್ನ ಪಾಲಿಗೆ ಬಂತು. ಸಹಾಯಕ್ಕೆ ಯಾರನ್ನಾದರೂ ಕೊಡೋಣವೆಂದು ಅವರೇ ಯೋಚಿಸಿ, ಬಜ್ಜಿಯ ರುಚಿ ನೆನಪಾಗಿ, ಬಿ ರುಮ್ಸಾಳ ಹೆಸರು ಬರೆದರು.

ಬಾಂಡುಂಗ್‌ನಲ್ಲಿ ಬೆಟ್ಟದ ಸಾಮಾನಿನ ಅಂಗಡಿಗಳಿಗೇನು ಬರವೇ? ಮೂರು ಅಂಗಡಿ ಸುತ್ತಿ ನಾಲ್ಕನೆಯದರಲ್ಲಿ ಯಾಯತ್ ಎಂಬ ಗಡ್ಡದವನ ಮುಂದೆ ಕೂತೆ. ಅವನು ಎಂಟು ಒಲೆ ಸಾಲಾಗಿಟ್ಟು, ಹೆಣ್ಣು ನೋಡಲು ಬಂದ ಬೀಗರನ್ನು ವಿಚಾರಿಸುವಂತೆ ವಿಚಾರಿಸತೊಡಗಿದ. ಎಷ್ಟು ಜನಕ್ಕೆ, ಎಷ್ಟು ಎತ್ತರಕ್ಕೆ, ಗಾಳಿ ಹೇಗೆ, ಹೆಚ್ಚಾಗಿ ಯಾವ ಎಣ್ಣೆ, ಸದ್ದಿನದು ಬೇಕೋ ಸದ್ದಿಲ್ಲದ್ದೋ. ಪ್ರತಿಯೊಂದಕ್ಕೂ ನಾನು ಕಣ್ಣು ಅರ್ಧ ಮುಚ್ಚಿ ತಲೆದೂಗಿದೆ. ಕೊನೆಗೆ ಒಂದು ಹಳೆಯ ಹಿತ್ತಾಳೆ ಒಲೆಯ ಮೇಲೆ ಕೈಯಿಟ್ಟೆ. ಕಾರಣ, ಅದು ಉಳಿದವಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

"ಅನುಭವಸ್ಥರ ಕೈ ಸೀದಾ ಇದಕ್ಕೇ ಹೋಗುತ್ತೆ" ಎಂದ ಯಾಯತ್. ಒಂದೊಂದು ಎಣ್ಣೆಗೆ ಒಂದೊಂದು ತೂತಿನ ಮೂತಿ, ಬೇರೆ ಬೇರೆ ಎಣ್ಣೆ ಯಾವತ್ತೂ ಬೆರೆಸಬಾರದು, ಹಚ್ಚುವ ಮೊದಲು ಬಟ್ಟಲಲ್ಲಿ ಸ್ವಲ್ಪ ಉರಿಸಿ ಬಿಸಿ ಮಾಡಿಕೊಳ್ಳಬೇಕು ಎಂದು ಅವನು ಹೇಳತೊಡಗಿದಾಗ ನಾನು ಕೈ ಅಡ್ಡ ಹಿಡಿದೆ. ನನಗೇ ಹೇಳಿಕೊಡ್ತೀಯಾ ಎನ್ನುವ ಅರ್ಥದ ಕೈ ಅದು. ಅವನು ನಾಚಿ ಮೂತಿಗಳ ಪುಟ್ಟ ಚೀಲವನ್ನು ನನ್ನ ಜೇಬಿಗೆ ಹಾಕಿದ. ಅದು ಆಮೇಲೆ ಜೇಬಿನಲ್ಲೇ ಒಗೆತಕ್ಕೆ ಹೋಯಿತು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಪರೀಕ್ಷೆ. ನಮ್ಮ ಓಣಿಯ ಅಗಲ ಎರಡು ಮೋಟಾರ್‌ಬೈಕು. ಅಲ್ಲಿ ಒಬ್ಬ ಸೀನಿದರೆ ಹದಿನೈದು ಮನೆಯವರು ಹರಸುತ್ತಾರೆ. ನಾನು ಒಲೆಯನ್ನು ಸ್ಟೂಲಿನ ಮೇಲಿಡುವ ಹೊತ್ತಿಗೆ ಇಡೀ ಓಣಿ ನೆರೆದಿತ್ತು. ನನ್ನ ಅತ್ತೆ ಎಮಾಕ್ ಬಾಗಿಲಲ್ಲಿ ಕೂತು ಒಲೆಯನ್ನು ಒಂದು ಕ್ಷಣ ನೋಡಿ, ಮೊದಲು ಬಿಸಿ ಮಾಡು, ಆಮೇಲೆ ಪಿನ್ನು ಚುಚ್ಚು, ಆಮೇಲೆ ಗಾಳಿ ಹೊಡಿ ಎಂದರು. ಮೂವತ್ತು ವರ್ಷ ಸೀಮೆಎಣ್ಣೆ ಸ್ಟವ್‌ನಲ್ಲಿ ಹನ್ನೊಂದು ಜನರ ಸಂಸಾರಕ್ಕೆ ಬೇಯಿಸಿದ ಹೆಂಗಸು.

"ಇದು ಹೊರದೇಶದ ಒಲೆ, ಎಮಾಕ್. ನಿಮ್ಮ ಕಾಲದ್ದಲ್ಲ" ಎಂದೆ.

"ಹಂಗಾ" ಎಂದು ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ಏನು ಹಾಕಿದರೂ ಉರಿಯುತ್ತದೆ ಎಂಬ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಓಣಿಯ ಮುಖ್ಯಸ್ಥ ಪಾಕ್ ಆದೆಂಗ್ ಲಾರಿ ಓಡಿಸುವ ಅಳಿಯನಿಂದ ಡೀಸೆಲ್ ತಂದರು. ಹಾಜಿಯ ಹೆಂಡತಿ ಹಳೆಯ ಸ್ಪಿರಿಟ್ ಬಾಟಲಿ ತಂದರು. ಮೂಲೆಮನೆಯ ಅಜ್ಜ ಹತ್ತು ವರ್ಷದಿಂದ ಮಂಚದ ಕೆಳಗೆ ಬಚ್ಚಿಟ್ಟಿದ್ದ ಸೀಮೆಎಣ್ಣೆಯನ್ನು ಕಣ್ಣೀರಿಟ್ಟು ಹೊರತೆಗೆದ. ಇನ್ನೊಬ್ಬಾಕೆ ಕೂಸಿನ ಹೊಟ್ಟೆಗೆ ಸವರುವ ನೀಲಗಿರಿ ಎಣ್ಣೆ ಕೊಟ್ಟಳು. ಕೊನೆಗೆ ಬಿ ರುಮ್ಸಾ ಬಜ್ಜಿ ಕರಿದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿ, ಮುಚ್ಚಳ ಬಿಗಿದು ತಂದಿದ್ದಳು. ಇದಿಷ್ಟೇ ನನ್ನಿಂದ ಆಗೋದು ಪಾಕ್, ಎಂದು ಸಂಕೋಚದಿಂದ ಇಟ್ಟಳು.

ಈಗ ನ್ಯಾಯವಾಗಿ ಹೇಳಿ. ನೆರೆಮನೆಯವರು ಪ್ರೀತಿಯಿಂದ ತಂದದ್ದನ್ನು ಒಬ್ಬರದು ಹಾಕಿ ಒಬ್ಬರದು ಬಿಟ್ಟರೆ ಆ ಓಣಿಯಲ್ಲಿ ಮತ್ತೆ ಬಾಳುವುದು ಹೇಗೆ? ನಾನು ಹಿರಿತನದ ಪ್ರಕಾರ ಎಲ್ಲರದ್ದೂ ಒಂದೊಂದು ಸೌಟು ಹೊಯ್ದೆ. ಬಿಸ್ಮಿಲ್ಲಾ ಎಂದು ಐವತ್ತು ಸಲ ಗಾಳಿ ಹೊಡೆದು ಕಡ್ಡಿ ಗೀರಿದೆ.

ಒಲೆ ಮೊದಲು ಕೆಮ್ಮಿತು. ಆಮೇಲೆ ಹಾವಿನಂತೆ ಬುಸುಗುಟ್ಟಿತು. ಆಮೇಲೆ ಜ್ವಾಲೆ ನೆಟ್ಟಗೆ ಮೇಲೆದ್ದು, ತಾತಿಯ ಒಗೆದ ಬಟ್ಟೆಗಳ ಹಗ್ಗ ಸುಟ್ಟು, ಪಾಕ್ ಆದೆಂಗರ ಜಗಲಿಯಲ್ಲಿ ತೂಗುತ್ತಿದ್ದ ಪಂಜರದ ತಳ ನೆಕ್ಕಿತು. ಪಂಜರದಲ್ಲಿದ್ದದ್ದು ಜಿಲ್ಲಾಮಟ್ಟದ ಹಾಡುಹಕ್ಕಿ ಸ್ಪರ್ಧೆಯಲ್ಲಿ ಮೂರು ಬಾರಿ ಗೆದ್ದ ಮುರಾಯ್ ಹಕ್ಕಿ. ಎಮಾಕ್ ಒದ್ದೆ ಗೋಣಿಚೀಲ ಎಸೆದು ಒಲೆ ಆರಿಸದಿದ್ದರೆ ಓಣಿಯೇ ಉಳಿಯುತ್ತಿರಲಿಲ್ಲ. ಅವರು ಆ ಚೀಲವನ್ನು ಮೊದಲೇ ನೆನೆಸಿ ಪಕ್ಕದಲ್ಲಿಟ್ಟುಕೊಂಡಿದ್ದರು. ಹಕ್ಕಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅದು ತನ್ನ ರಾಗಗಳನ್ನೆಲ್ಲ ಮರೆತು, ನನ್ನನ್ನು ಕಂಡಾಗೆಲ್ಲ ಬುಸ್ಸ್ ಎನ್ನತೊಡಗಿತು.

ಪಾಕ್ ಆದೆಂಗ್ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಪರವಾಗಿಲ್ಲ ಪಾಕ್, ಪರವಾಗಿಲ್ಲ ಎಂದು ಹನ್ನೆರಡು ಸಲ ಹೇಳಿ, ಸಂಜೆ ನಮ್ಮ ಮನೆಗೆ ಒಂದು ತಟ್ಟೆ ಬೇಯಿಸಿದ ಗೆಣಸು ಕಳಿಸಿದರು.

ಒಲೆಯ ಹೊಟ್ಟೆಯಲ್ಲಿ ಡಾಂಬರಿನಂಥದ್ದು ಗಟ್ಟಿ ಕೂತಿತ್ತು. ಹೊರಡುವುದು ಮರುದಿನ. ಈಗಲಾದರೂ ಬು ರೆಸ್ಮಿಗೆ ಒಂದು ಮಾತು ಹೇಳಿಬಿಡಿ ಎಂದಳು ತಾತಿ. ಹೇಳುವುದಾದರೆ ಒಲೆಯಿಂದ ಶುರುವಾಗಿ ಫೋಟೋಕ್ಕೆ ಹೋಗಬೇಕಿತ್ತು. ನಾನು ಅಕ್ಕಿ ಡಬ್ಬಿಯ ಹಿಂದೆ ಕೈಹಾಕಿ ಕರಬೂಜ ಎಳೆದೆ.

"ಮನೇಲಿ ಯಾತರ ಮೇಲೆ ಬೇಯಿಸ್ಲಿ?" ಎಂದಳು ತಾತಿ. ಎರಡು ದಿನ ಹೊರಗೆ ತಿನ್ನಿ ಎಂದೆ. ಹಾಗಾದರೆ ಅರೆಯುವ ಕಲ್ಲನ್ನೂ ಒಯ್ಯಿ, ಅದಿಲ್ಲದಿದ್ದರೆ ಬಾಯಿ ನಿಲ್ಲುವುದಿಲ್ಲ ಎಂದಳು. ಕರಬೂಜವೇ ಎಂಟು ಕಿಲೋ, ಜೊತೆಗೆ ಕಬ್ಬಿಣದ ಒಂಟಿ ಒಲೆ, ರಬ್ಬರ್ ಕೊಳವೆ. ಕಲ್ಲು ಹೊರಲು ನಾನೇನು ಕತ್ತೆಯೇ ಎಂದುಬಿಟ್ಟೆ. ಅವಳು ಕಲ್ಲನ್ನು ಕಪಾಟಿನಲ್ಲಿಟ್ಟಳು. ಕರಬೂಜಕ್ಕೆ ಸಾರೊಂಗ್ ಸುತ್ತಿ, ಅದರ ಮೇಲೆ ನಮಾಜಿನ ಚಾಪೆ ಸುತ್ತಿ, ಚೀಲದೊಳಗೆ ತಳ್ಳಿದೆ. ನಮಾಜಿನ ಚಾಪೆಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ ಎನ್ನುವುದು ನನ್ನ ಲೆಕ್ಕ. ಈಗ ನೆನೆದರೆ ಅದಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಪಾಪಾಂಡಾಯಾನ್ ದೊಡ್ಡ ಬೆಟ್ಟವೇನಲ್ಲ, ಡೇರೆ ಹಾಕುವ ಬಯಲಿಗೆ ಎರಡು ಗಂಟೆಯ ದಾರಿ ಎನ್ನುತ್ತಾರೆ. ಆ ಎರಡು ಗಂಟೆ ನಾನು ಹೇಗೆ ನಡೆದೆ ಎನ್ನುವುದು ಅಲ್ಲಿ ನೆಲದಿಂದ ಏಳುವ ಗಂಧಕದ ಹೊಗೆಗೇ ಗೊತ್ತು. ಹಿರಿಯರು ಭಾರ ಹೊರುವುದನ್ನು ನಮ್ಮವರು ನೋಡಲಾರರು. ಇಪ್ಪತ್ತು ಹೆಜ್ಜೆಗೊಬ್ಬರು ಬಂದು ಚೀಲಕ್ಕೆ ಕೈಹಾಕುವರು, ನಾನು ಹುಲಿ ಮರಿ ಕಾಯುವಂತೆ ಅಪ್ಪಿಕೊಳ್ಳುವೆ. ಬೆಟ್ಟದವನು ತನ್ನ ಚೀಲ ಬೇರೆಯವರಿಗೆ ಕೊಡುವುದಿಲ್ಲ ಎಂದು ಏದುಸಿರಿನ ನಡುವೆ ಹೇಳಿದೆ. ಬು ರೆಸ್ಮಿ ಅದನ್ನು ಎಲ್ಲರಿಗೂ ಎತ್ತಿ ಹೇಳಿದರು. ಮುಂದಿನ ತಿರುವಿನಲ್ಲಿ ನನ್ನ ಸಂಗಡ ನಿಂತು ಫೋಟೋ ತೆಗೆಸಿಕೊಂಡವರು ಏಳು ಜನ. ಬಿ ರುಮ್ಸಾ ಮಾತ್ರ ನನ್ನ ಹಿಂದೆಯೇ ನಡೆಯುತ್ತ, ಚೀಲದ ಉಬ್ಬನ್ನು ಒಮ್ಮೆ ನೋಡಿ, ಬೇರೆ ಕಡೆ ಮುಖ ತಿರುಗಿಸಿಕೊಂಡಳು.

ಮೇಲೆ ಹೋಗಿ ನೋಡಿದರೆ ಡೇರೆ ಬಯಲಿನಲ್ಲಿ ಸಾಲಾಗಿ ಚಹಾ ಅಂಗಡಿಗಳು. ಬಿಸಿ ಶಾವಿಗೆ, ಮೊಟ್ಟೆ, ಬಜ್ಜಿ ಎಲ್ಲ ಸಿಗುತ್ತಿತ್ತು. ನನ್ನ ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು. ನಿಮಗೆ ಗೊತ್ತಿರಲಿಲ್ಲವೇ ಪಾಕ್ ಎಂದು ಯಾರೋ ಕೇಳಿದಾಗ, ನಾನು ಹಿಂದೆ ಬಂದಾಗ ಇರಲಿಲ್ಲ ಎಂದೆ. ಅಲ್ಲೇ ಉಂಡುಬಿಡೋಣವೆಂದು ಇಪ್ಪತ್ತೊಂದು ಮುಖಗಳು ಹೇಳುತ್ತಿದ್ದವು. ಆದರೆ ಬು ರೆಸ್ಮಿ ಸ್ವಾವಲಂಬನೆ ಎಂದರು. ಅನ್ನ, ಒಣಮೀನು, ಹುಣಸೆ ಹುಳಿ, ಎಲ್ಲವೂ ಪಾಕ್ ಕೊಸಾಸಿಯ ಒಲೆಯ ಮೇಲೆ.

ನಾನು ಎರಡು ಗಿಡಗಳ ನಡುವೆ ತಾರ್ಪಾಲು ಕಟ್ಟಿಸಿದೆ. ಈ ಒಲೆಗೆ ಗಾಳಿಯೂ ಆಗದು, ಜನರ ಉಸಿರೂ ಆಗದು, ಹತ್ತಿರ ಯಾರೂ ಸುಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಹಿತ್ತಾಳೆ ಒಲೆಯನ್ನು ಉಜ್ಜಿ ತಾರ್ಪಾಲಿನ ಮುಂದೆ ಕಲ್ಲಿನ ಮೇಲೆ ಇಟ್ಟೆ. ಬಿಸಿಯಾಗಿ ತಣ್ಣಗಾಗಲಿಕ್ಕೆ ಬಿಟ್ಟಿದ್ದೇನೆ, ಇದರ ಜೋಡಿ ಒಳಗೆ ಉರಿಯುತ್ತಿದೆ ಎಂದೆ. ತಾರ್ಪಾಲಿನ ಹಿಂದೆ ಕರಬೂಜ ಬಿಚ್ಚಿ, ಒಂಟಿ ಒಲೆಗೆ ಕೊಳವೆ ಸಿಕ್ಕಿಸಿ, ಅನ್ನದ ಹಂಡೆ ಏರಿಸಿದೆ. ನೀಲಿ ಜ್ವಾಲೆ ಶಾಂತವಾಗಿ ಉರಿಯಿತು. ಹೊರಗಿನವರಿಗೆ ಪರಮಾಶ್ಚರ್ಯ. ವಾಸನೆಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಪಾಕ್ ಆದೆಂಗ್, ನಿನ್ನೆ ನಮ್ಮ ಎಣ್ಣೆಯಲ್ಲೇ ದೋಷವಿತ್ತು ಅಂತ ಕಾಣುತ್ತೆ ಎಂದು ಎಲ್ಲರ ಮುಂದೆ ನನ್ನ ಕ್ಷಮೆ ಕೇಳಿದರು. ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ.

ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಬು ರೆಸ್ಮಿ ಫೋನು ತೆಗೆದು, ಇದನ್ನು ಮೇಲಿನ ಕಚೇರಿಗೆ ಕಳಿಸಬೇಕು, ಎರಡು ಮಾತು ಹೇಳಿ ಪಾಕ್ ಎಂದು ವಿಡಿಯೋ ಶುರುಮಾಡಿದರು. ನಾನು ಹಿತ್ತಾಳೆ ಒಲೆಯ ಪಕ್ಕ, ಆ ಹಳೆಯ ಫೋಟೋದಲ್ಲಿದ್ದಂತೆಯೇ, ಸೊಂಟದ ಮೇಲೆ ಕೈಯಿಟ್ಟು ನಿಂತೆ. ನಮ್ಮ ವಾರ್ಡಿನವರು ಬೆಟ್ಟದ ತುದಿಯಲ್ಲಿಯೂ ಬಡವರ ಗ್ಯಾಸನ್ನು ಮುಟ್ಟುವುದಿಲ್ಲ ಎಂದು ಆರಂಭಿಸಿದೆ. ಮನುಷ್ಯ ತನ್ನ ಪಾಲಿನದನ್ನೇ ಉರಿಸಬೇಕು ಎಂದೆ. ಮೂರನೆಯ ವಾಕ್ಯಕ್ಕೆ ಬಾಯಿ ತೆರೆದಾಗ ಹಿಂದಿನಿಂದ ಸಣ್ಣಗೆ ಸ್ಸ್ಸ್ ಎಂದು ಶುರುವಾಯಿತು.

ಆ ಸದ್ದು ಗೊತ್ತಿಲ್ಲದ ಮನೆ ನಮ್ಮ ಊರಿನಲ್ಲಿಲ್ಲ. ಕರಬೂಜದ ಬಾಯಿ ಸಡಿಲವಾದರೆ ಬರುವುದು ಅದೇ ಸದ್ದು, ಅದರ ಹಿಂದೆಯೇ ಕೊಳೆತ ಮೊಟ್ಟೆಯಂಥ ವಾಸನೆ. ಜ್ವಾಲೆ ಆರಿಹೋಗಿರಬೇಕು. ನಾನು ದನಿ ಏರಿಸಿದೆ. ಸದ್ದೂ ಏರಿತು. ನಾನು ತಾಯ್ನಾಡಿನ ವಿಷಯ ತಂದೆ, ಪ್ರಾಮಾಣಿಕತೆಯ ವಿಷಯ ತಂದೆ, ಕೊನೆಗೆ ಅಕ್ಷರಶಃ ಕಿರುಚುತ್ತಿದ್ದೆ. ಮೊದಲ ಸಾಲಿನವರ ಮೂಗುಗಳು ಒಂದೊಂದಾಗಿ ಮೇಲೇರಿದವು. ಒಬ್ಬ ಇದು ಬೆಟ್ಟದ ಗಂಧಕ ಎಂದ.

"ಗಂಧಕ ಅಲ್ಲ, ರಬ್ಬರ್ ಹೋಗಿದೆ" ಎಂದರು ಪಾಕ್ ಆದೆಂಗ್.

ಬಿ ರುಮ್ಸಾ ಆಗಲೇ ಎದ್ದಿದ್ದಳು. ಕಟ್ಟಪ್ಪಣೆ ಗಿಟ್ಟಪ್ಪಣೆ ನೋಡದೆ ಹೋಗಿ ತಾರ್ಪಾಲು ಸರಿಸಿ, ಕರಬೂಜದ ಬಾಯಿಂದ ಕೊಳವೆ ಕಿತ್ತು ಗ್ಯಾಸ್ ನಿಲ್ಲಿಸಿದಳು. ಆಮೇಲೆ ಸೊಂಟದ ಚಿಕ್ಕ ಸಂಚಿಯಿಂದ ಒಂದು ಕೆಂಪು ರಬ್ಬರ್ ಉಂಗುರ ತೆಗೆದಳು. ಎಂಟು ತಿಂಗಳಿಂದ ಮನೆಯಲ್ಲಿ ಸಿಲಿಂಡರ್ ಇಲ್ಲದಿದ್ದರೂ ಉಂಗುರವನ್ನು ಇಟ್ಟುಕೊಂಡೇ ಇದ್ದಳು. ಹಳೆಯದನ್ನು ಕಿತ್ತು ಹೊಸದು ಕೂರಿಸಿ, ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುವುದಿಲ್ಲ ಎಂದು ನೋಡಿದಳು. ಅಷ್ಟೂ ಹೊತ್ತು ಇಪ್ಪತ್ತು ಜನರ ಮುಂದೆ, ಇಳಿಬಿಸಿಲಿನಲ್ಲಿ, ಹಸಿರು ಕರಬೂಜ ತನ್ನ ಹೊಟ್ಟೆಯ ಮೇಲಿನ ಅಕ್ಷರಗಳನ್ನು ತೋರಿಸುತ್ತ ನಿಂತಿತ್ತು. ಅದರ ಬುಡದಲ್ಲಿ ನನ್ನ ನಮಾಜಿನ ಚಾಪೆ ಬಿದ್ದಿತ್ತು. ಬು ರೆಸ್ಮಿಯ ಫೋನು ಇನ್ನೂ ಎತ್ತಿದ ಕೈಯಲ್ಲಿಯೇ ಇತ್ತು.

ನೆಲ ಬಿರಿಯಬಾರದೇ ಎನ್ನುತ್ತಾರಲ್ಲ, ಅದು ಜ್ವಾಲಾಮುಖಿ ಬೆಟ್ಟ, ಬಿರಿಯುವ ಅಭ್ಯಾಸವಿದ್ದ ನೆಲ. ಆದರೂ ಬಿರಿಯಲಿಲ್ಲ.

ಬಿ ರುಮ್ಸಾ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಅಯ್ಯೋ ಪಾಕ್, ಇಷ್ಟು ಕಷ್ಟದಲ್ಲಿದೀರಾ ನೀವು? ಒಂದು ಮಾತು ನಮಗೆ ಹೇಳಬಾರದಿತ್ತಾ?"

ಆ ಮಾತು ಬಿದ್ದದ್ದೇ ತಡ, ಇಪ್ಪತ್ತು ಜನ ಒಟ್ಟಿಗೆ ಉಸಿರು ಬಿಟ್ಟರು. ಹೌದಲ್ಲವೇ, ಮನುಷ್ಯ ಬಡವನಾಗಿದ್ದಾನೆ. ಬಡವರ ಸಿಲಿಂಡರ್ ಬಡವನ ಹತ್ತಿರವಿರುವುದರಲ್ಲಿ ತಪ್ಪೇನು? ಪಾಕ್ ಆದೆಂಗ್ ನನ್ನ ಭುಜ ಹಿಡಿದರು. ಯಾರೋ ಅತ್ತೆಯ ಔಷಧಿಗೆ ಬಹಳ ಖರ್ಚಂತೆ ಎಂದರು. ಇನ್ನೊಬ್ಬರು ನನ್ನ ಬೂಟಿನ ಅಟ್ಟೆ ಕಿತ್ತಿರುವುದನ್ನು ಬಹಳ ದಿನದಿಂದ ಗಮನಿಸಿದ್ದರಂತೆ. ಬು ರೆಸ್ಮಿಯ ಕಣ್ಣು ತುಂಬಿತು. ಹಿಂದಿರುಗಿದ ತಕ್ಷಣ ನಿಮ್ಮ ಹೆಸರು ಪಟ್ಟಿಗೆ ಸೇರಿಸುತ್ತೇನೆ ಎಂದರು. ನಾನು ಒಂದೇ ಒಂದು ಸಲ 'ಇಲ್ಲ' ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ತಲೆ ತಗ್ಗಿಸಿ, ದೇವರು ಕೊಟ್ಟ ಹಾಗಾಗುತ್ತೆ ಎಂದೆ. ಜನ ಅದನ್ನು ಕೇಳಿ ಇನ್ನೂ ಕರಗಿದರು. ಅನ್ನ ಬೆಂದಾಗ ಎಲ್ಲರಿಗಿಂತ ದೊಡ್ಡ ಒಣಮೀನು ನನ್ನ ಎಲೆಗೇ ಬಿತ್ತು.

ಬೆಟ್ಟದಿಂದ ಮರಳಿದ ಮೂರನೆಯ ದಿನ ಬೆಳಿಗ್ಗೆ ಪಾಕ್ ಆದೆಂಗ್ ಸ್ಟಿಕರ್ ತಂದು ನಮ್ಮ ಬಾಗಿಲಿಗೆ ಅಂಟಿಸಿದರು. ಅಂಟು ಚೆನ್ನಾಗಿ ಹಿಡಿಯಲೆಂದು ಅಂಗೈಯಿಂದ ನಾಲ್ಕು ಸಲ ತಟ್ಟಿದರು. ಆಮೇಲೆ ಶುರುವಾಯಿತು. ಹಾಜಿಯ ಹೆಂಡತಿ ಅಕ್ಕಿ ಕಳಿಸಿದರು. ಮೂಲೆಮನೆಯ ಅಜ್ಜ ತನ್ನ ಎರಡನೆಯ ಅಂಗಿ ಕಳಿಸಿದ. ಮಸೀದಿಯಲ್ಲಿ ನನ್ನ ಹೆಸರು ಹೇಳದೆ, ನಮ್ಮ ನಡುವೆಯೇ ಇರುವ ಒಬ್ಬ ಸ್ವಾಭಿಮಾನಿ ಬಡವ ಎಂದು ಪ್ರಾರ್ಥಿಸಿದರು. ಎಲ್ಲರೂ ನನ್ನನ್ನು ನೋಡದಿರಲು ಬಹಳ ಪ್ರಯತ್ನಪಟ್ಟರು. ತಾತಿ ನನ್ನೊಡನೆ ಮಾತು ಬಿಟ್ಟಳು. ಎಮಾಕ್, ಈ ಮನೆ ನನ್ನ ಮಾವ ಕಟ್ಟಿಸಿದ್ದು, ಇದರ ಬಾಗಿಲಿಗೆ ಹೀಗೆ ಬರೆಸಿಕೊಂಡ ಅಳಿಯ ನೀನೊಬ್ಬನೇ ಎಂದರು. ಪಂಜರದ ಹಕ್ಕಿ ಬುಸ್ಸ್ ಎಂದಿತು.

ಇದೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಸಂಜೆ ಸಂಜೆ ಬರುತ್ತಿದ್ದ ಬಜ್ಜಿಯ ಪೊಟ್ಟಣ. ಬಿ ರುಮ್ಸಾ ಸೌದೆ ಹೊಗೆಯಲ್ಲಿ ಕರಿದದ್ದನ್ನು ಬಾಳೆಲೆಯಲ್ಲಿ ಕಟ್ಟಿ ಕಿಟಕಿಯಲ್ಲಿಟ್ಟು ಹೋಗುತ್ತಿದ್ದಳು. ಆರನೆಯ ಪೊಟ್ಟಣವನ್ನು ಬಿಚ್ಚದೆ ಕೈಯಲ್ಲಿ ಹಿಡಿದುಕೊಂಡು ಅವಳ ಮನೆಗೆ ಹೋದೆ. ಅವಳು ಒಲೆಯ ಮುಂದೆ ಕೂತು ಊದುತ್ತಿದ್ದಳು. ಹಿಂದೆ ಆ ಸತ್ತ ಫ್ರಿಜ್ ಹಿಟ್ಟು ಕಾಯುತ್ತ ನಿಂತಿತ್ತು.

"ಬಿ, ನಾನು ಬಡವನಲ್ಲ" ಎಂದೆ.

ಅವಳು ಬಜ್ಜಿ ತಿರುವಿಹಾಕಿದಳು. "ಗೊತ್ತು, ಪಾಕ್."

"ಯಾವಾಗಿಂದ?"

"ಗಾಡಿಯೋನು ನಾಕು ವರ್ಷದಿಂದ ನಿಮ್ಮ ಹಿತ್ತಿಲ ಬಾಗಿಲಿಗೆ ಕರಬೂಜ ತಂದಿಡ್ತಾನಲ್ಲ. ಓಣಿಗೆಲ್ಲ ಗೊತ್ತು. ಅವನು ಬರೋ ಹೊತ್ತಿಗೆ ನಾವೆಲ್ಲ ಒಳಗೆ ಹೋಗಿಬಿಡ್ತೀವಿ. ನಿಮಗೆ ಮುಜುಗರ ಆಗಬಾರದು ಅಂತ."

ಹಾಗಾದರೆ ಬೆಟ್ಟದ ಮೇಲೆ, ಎಲ್ಲರ ಮುಂದೆ, ಕಷ್ಟದಲ್ಲಿದ್ದೀರಾ ಎಂದು ಯಾಕೆ ಕೇಳಿದಿ ಎಂದೆ.

ಅವಳು ಜರಡಿಯಲ್ಲಿ ಎಣ್ಣೆ ಬಸಿಯುತ್ತ ನನ್ನ ಕಡೆ ನೋಡದೆ ಹೇಳಿದಳು. "ಮತ್ತೇನು ಅನ್ನಲಿ? ಅಷ್ಟು ಜನರ ಎದುರಿಗೆ ಕಳ್ಳ ಅನ್ನೋಕಾಗುತ್ತಾ?"

ಸೌದೆ ಹೊಗೆ ನನ್ನ ಕಣ್ಣಿಗೂ ಬಂತು. ಒರೆಸಿಕೊಳ್ಳಲಿಕ್ಕೆ ಅದೊಂದು ನೆಪವಿತ್ತು.

ಮರುದಿನ ಬೆಳಿಗ್ಗೆ ಬು ರೆಸ್ಮಿಯ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಒಲೆ, ಕರಬೂಜ, ನಾಲ್ಕು ವರ್ಷ, ಫ್ರಿಜ್. ಅವರು ಪೆನ್ನು ಕೆಳಗಿಟ್ಟು, "ಆ ಫೋಟೋದಲ್ಲಿರೋ ಚೀಲ ನಿಮ್ಮದೇನಾ ಪಾಕ್?" ಎಂದು ಕೇಳಿದರು.

"ಅಲ್ಲ" ಎಂದೆ. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಮೇಲಧಿಕಾರಿಯ ಮುಖಕ್ಕೆ ಹಾಗೆ ಹೇಳಿದ್ದು ಅದೇ ಮೊದಲು. ಆಕಾಶವೇನೂ ಬೀಳಲಿಲ್ಲ. ಪಟ್ಟಿ ಬೇರೆಯವರ ಕೈಗೆ ಹೋಯಿತು, ನನಗೆ ಜನನ ಮರಣದ ದಾಖಲೆ ಬಂತು. ಕೊಡುವ ಮೊದಲು ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದು, ರುಮ್ಸಾ ಎಂದು ಬರೆದು, ಪಕ್ಕದ ಖಾಲಿ ಜಾಗದಲ್ಲಿ 'ಫ್ರಿಜ್ ಇದೆ, ಓಡುವುದಿಲ್ಲ' ಎಂದು ಸೇರಿಸಿ ಸಹಿ ಮಾಡಿದೆ.

ಅಂದು ಮಧ್ಯಾಹ್ನ ಕರಬೂಜವನ್ನು, ಸಾರೊಂಗ್ ಸುತ್ತದೆ, ಹೆಗಲ ಮೇಲಿಟ್ಟುಕೊಂಡು ಓಣಿಯ ಉದ್ದಕ್ಕೂ ನಡೆದು ಬಿ ರುಮ್ಸಾಳ ಬಾಗಿಲಲ್ಲಿಟ್ಟೆ. ಜಗಲಿಗಳಲ್ಲಿದ್ದವರಿಗೆಲ್ಲ ಇದ್ದಕ್ಕಿದ್ದಂತೆ ಒಳಗೆ ಏನೋ ಕೆಲಸ ನೆನಪಾಯಿತು. ಹಕ್ಕಿಯೊಂದೇ ನನ್ನನ್ನು ನೇರವಾಗಿ ನೋಡಿತು.

ಮನೆಯಲ್ಲಿ ಈಗ ಗುಲಾಬಿ ಸಿಲಿಂಡರ್ ತುಂಬಿದೆ. ಅದು ಬರುವವರೆಗೆ ಒಂದು ವಾರ ಎಮಾಕ್ ಹಿತ್ತಾಳೆ ಒಲೆಯ ಹೊಟ್ಟೆಯನ್ನು ಬೂದಿ, ಹುಣಸೆಹಣ್ಣು ಹಾಕಿ ತೊಳೆದು, ನನ್ನ ಒಗೆದ ಪ್ಯಾಂಟಿನ ಜೇಬಿನಿಂದ ಮೂತಿಗಳನ್ನು ಹುಡುಕಿ ತೆಗೆದು, ಸೀಮೆಎಣ್ಣೆಯಲ್ಲಿ ಇಡೀ ಮನೆಗೆ ಬೇಯಿಸಿದರು. ಮೊದಲು ಬಿಸಿ, ಆಮೇಲೆ ಪಿನ್ನು, ಆಮೇಲೆ ಗಾಳಿ. ಹೊರದೇಶದ್ದಾದರೂ ಒಲೆ ತುಂಬ ವಿನಯದಿಂದ ಉರಿಯಿತು.

ಸ್ಟಿಕರ್ ಕೀಳಲು ಬಿಸಿನೀರು, ಚಾಕು, ಪೆಟ್ರೋಲ್ ಎಲ್ಲ ಪ್ರಯೋಗಿಸಿದೆ. ಮೇಲಿನ ಕಪ್ಪಕ್ಷರದ ಭಾಗ ಚೂರುಚೂರಾಗಿ ಎದ್ದುಬಂತು. ಕೆಳಗಿನ ಕೆಂಪಕ್ಷರದ ಸಾಲು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಬಾಗಿಲನ್ನೇ ಬದಲಿಸೋಣವೇ ಎಂದು ಕೇಳಿದೆ. ತಾತಿ ಒಂಬತ್ತು ದಿನದ ಮೇಲೆ ಮೊದಲ ಬಾರಿಗೆ ನನ್ನೊಡನೆ ಮಾತಾಡಿದಳು.

"ಇರಲಿ ಬಿಡಿ" ಎಂದಳು.